ಬಳ್ಳಾರಿಯಿಂದ ಅಂಡಮಾನಿಗೆ ಕಾರು ಸಾಗಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳಿಂದ ಬ್ಯಾಂಕು, ಕೇಂದ್ರ ಸರ್ಕಾರದ ಇಲಾಖೆ ಅಥವಾ ಸೇನೆಯ ಕೆಲಸದ ಮೇಲೆ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಿಗೆ ವರ್ಗವಾಗಿ ಹೊರಡುವ ಕುಟುಂಬಗಳಿಗಾಗಿ ಈ ಪುಟವನ್ನು ಬರೆಯಲಾಗಿದೆ. ಕಡಲಿನಿಂದ ದೂರವಿರುವ ನಮ್ಮ ಬಯಲುಸೀಮೆಯಲ್ಲಿ ಸ್ವಂತ ಕಾರನ್ನು ಹಡಗಿಗೆ ಹತ್ತಿಸಿದವರು ಕಡಿಮೆ. ಹೀಗಾಗಿ ಕೇಳಿ ತಿಳಿಯೋಣವೆಂದರೆ ಓಣಿಯಲ್ಲಾಗಲಿ ಕಚೇರಿಯಲ್ಲಾಗಲಿ ಅನುಭವಸ್ಥರು ಸಿಗುವುದು ಕಷ್ಟ. ಕೆಳಗಿನ ಉತ್ತರಗಳಲ್ಲಿ ಮತ್ತೆ ಮತ್ತೆ ಬರುವ ಮಾತು ಒಂದೇ: ಊರಿನಲ್ಲಿ ಮುಗಿಸಬಹುದಾದ ಕಾಗದದ ಕೆಲಸವನ್ನೆಲ್ಲ ಊರಿನಲ್ಲೇ ಮುಗಿಸಿ. ಕಾರು ಬಂಗಾಳ ಕೊಲ್ಲಿಯನ್ನು ದಾಟಿದ ಮೇಲೆ, ಬಿಟ್ಟುಹೋದ ಒಂದು ಸಹಿಗಾಗಿ ಬಳ್ಳಾರಿಗೆ ಮರಳುವುದೆಂದರೆ ವಿಮಾನದ ಖರ್ಚು, ರಜೆ ಮತ್ತು ವಾರಗಟ್ಟಲೆ ಕಾಯುವಿಕೆ.

ಕಾರನ್ನು ಒಯ್ಯುವುದು ಒಳ್ಳೆಯದೋ, ಇಲ್ಲೇ ಮಾರಿ ಅಲ್ಲಿ ಬೇರೆ ಕೊಳ್ಳುವುದು ಒಳ್ಳೆಯದೋ?

ಇದು ಮೊದಲನೆಯದಾಗಿ ನಿಮ್ಮ ವಾಸದ ಅವಧಿಯನ್ನು ಅವಲಂಬಿಸಿದೆ. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ, ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯ ಅಥವಾ ಕೇಂದ್ರಾಡಳಿತ ಪ್ರದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿನ ಹೊಸ ನೋಂದಣಿ ಸಂಖ್ಯೆ ಪಡೆಯಲೇಬೇಕು. ಒಂದು ವರ್ಷದೊಳಗೆ ಮರಳಿ ಬರುವವರಿಗೆ ಹೋಗಿಬರುವ ಎರಡು ಸಾಗಣೆಯ ಖರ್ಚು, ಎರಡು ಸಲದ ಸಮುದ್ರ ವಿಮೆ ಮತ್ತು ಉಪ್ಪುಗಾಳಿಯ ಸವೆತವನ್ನು ಲೆಕ್ಕ ಹಾಕಿದಾಗ ಕಾರನ್ನು ಮನೆಯವರ ಬಳಕೆಗೆ ಊರಲ್ಲೇ ಬಿಟ್ಟುಹೋಗುವುದು ಲೇಸು. ಮೂರು ವರ್ಷಕ್ಕೆ ಮೇಲ್ಪಟ್ಟ ವಾಸವಿದ್ದು, ಕಾರು ಸುಸ್ಥಿತಿಯಲ್ಲಿದ್ದು, ಅದರ ಸಾಲವೂ ತೀರಿದ್ದರೆ ಒಯ್ಯುವುದರಲ್ಲಿ ಅರ್ಥವಿದೆ. ಹತ್ತು ವರ್ಷ ದಾಟಿ, ತಳಭಾಗದಲ್ಲಿ ಈಗಾಗಲೇ ತುಕ್ಕು ಕಾಣಿಸಿಕೊಂಡಿರುವ ಕಾರನ್ನು ದಯವಿಟ್ಟು ಹಡಗಿಗೆ ಹತ್ತಿಸಬೇಡಿ. ಅಂಡಮಾನಿನ ಹವೆ ಅಂತಹ ಕಾರನ್ನು ಉಳಿಸುವುದಿಲ್ಲ.

ನಮ್ಮ ಕಡೆಯಿಂದ ಕಾರು ಯಾವ ದಾರಿಯಾಗಿ ಹೋಗುತ್ತದೆ?

ಅಂಡಮಾನಿನ ರಾಜಧಾನಿಗೆ ಮುಖ್ಯಭೂಮಿಯಿಂದ ಚೆನ್ನೈ, ವಿಶಾಖಪಟ್ಟಣ ಮತ್ತು ಕೋಲ್ಕತ್ತ ಬಂದರುಗಳ ಮೂಲಕ ಹಡಗು ಸಂಪರ್ಕವಿದೆ. ನಮಗೆ ಹತ್ತಿರದ್ದು ಚೆನ್ನೈ. ಬಳ್ಳಾರಿಯಿಂದ ಗುಂತಕಲ್, ಗುತ್ತಿ, ತಾಡಪತ್ರಿ, ಕಡಪ, ರೇಣಿಗುಂಟ ಮಾರ್ಗವಾಗಿ ಚೆನ್ನೈ ಸುಮಾರು 500 ಕಿಲೋಮೀಟರ್. ಅಲ್ಲಿಂದ ಸಮುದ್ರದ ದಾರಿ ಸುಮಾರು 1190 ಕಿಲೋಮೀಟರ್. ಪ್ರಯಾಣಿಕರ ಹಡಗು ಈ ದೂರವನ್ನು ಎರಡೂವರೆಯಿಂದ ಮೂರು ದಿನಗಳಲ್ಲಿ ಕ್ರಮಿಸುತ್ತದೆ. ಆದರೆ ಸರಕಿನ ವಿಷಯದಲ್ಲಿ ಹಡಗಿಗಾಗಿ ಕಾಯುವ, ಹತ್ತಿಸುವ ಮತ್ತು ಇಳಿಸುವ ದಿನಗಳೇ ಪ್ರಯಾಣಕ್ಕಿಂತ ಹೆಚ್ಚಾಗುತ್ತವೆ.

2024ರ ಸೆಪ್ಟೆಂಬರಿನಲ್ಲಿ ಪೋರ್ಟ್ ಬ್ಲೇರ್ ನಗರಕ್ಕೆ ಶ್ರೀ ವಿಜಯಪುರಂ ಎಂದು ಮರುನಾಮಕರಣ ಮಾಡಲಾಗಿದೆ. ಹಳೆಯ ಕಾಗದಗಳಲ್ಲಿ ಹಿಂದಿನ ಹೆಸರೇ ಕಾಣುವುದರಿಂದ, ಎನ್‌ಒಸಿ (ಕಾರನ್ನು ಬೇರೆ ಕಡೆ ನೋಂದಾಯಿಸಲು ನಮ್ಮ ಸಾರಿಗೆ ಕಚೇರಿ ಕೊಡುವ ನಿರಾಕ್ಷೇಪಣಾ ಪತ್ರ) ಅರ್ಜಿಯಲ್ಲೂ ವಿಮಾ ಪತ್ರದಲ್ಲೂ ನಗರದ ಹೆಸರು ಒಂದೇ ರೀತಿ ಇರುವಂತೆ ನೋಡಿಕೊಳ್ಳಿ.

ಚೆನ್ನೈವರೆಗೆ ಕಾರನ್ನು ನೀವೇ ಓಡಿಸಿಕೊಂಡು ಹೋಗಬಹುದು, ಇಲ್ಲವೇ ಕಾರು ಸಾಗಿಸುವ ಲಾರಿಗೆ ಒಪ್ಪಿಸಬಹುದು. ಸಾಧ್ಯವಿದ್ದವರು ಓಡಿಸಿಕೊಂಡು ಹೋಗುವುದೇ ಮೇಲು, ಏಕೆಂದರೆ ಬಂದರಿನ ಏಜೆಂಟನಿಗೆ ಕಾರನ್ನು ಒಪ್ಪಿಸುವಾಗ ಅದರ ಸ್ಥಿತಿಯನ್ನು ಬರೆಸಿಕೊಳ್ಳಲು ನೀವೇ ಎದುರಿಗಿರುತ್ತೀರಿ. ಲಾರಿಗೆ ಒಪ್ಪಿಸುವುದಾದರೆ ಗಾಜಿನ ಮೇಲಿನ ಫಾಸ್ಟ್ಯಾಗ್ ಅನ್ನು ತೆಗೆದಿಡಿ ಅಥವಾ ಮುಚ್ಚಿಡಿ. ಲಾರಿಯ ಮೇಲೆ ನಿಂತ ಕಾರಿನ ಟ್ಯಾಗನ್ನು ಟೋಲ್ ಯಂತ್ರ ಓದಿದರೆ ನಿಮ್ಮ ಖಾತೆಯಿಂದಲೂ ಹಣ ಕಡಿತವಾಗುತ್ತದೆ.

ಕಂಟೇನರಿನಲ್ಲಿ ಕಳಿಸಬೇಕೆ, ನೇರವಾಗಿ ಹಡಗಿನೊಳಗೆ ಓಡಿಸಿ ನಿಲ್ಲಿಸುವ ರೋ-ರೋ ವಿಧಾನದಲ್ಲಿ ಕಳಿಸಬೇಕೆ?

ಆಯ್ಕೆ ಸಿಕ್ಕರೆ ಕಂಟೇನರನ್ನೇ ಆರಿಸಿಕೊಳ್ಳಿ. 20 ಅಡಿಯ ಕಂಟೇನರಿನ ಒಳಗಿನ ಉದ್ದ ಸುಮಾರು 5.9 ಮೀಟರ್, ಅಗಲ ಸುಮಾರು 2.35 ಮೀಟರ್, ಸಣ್ಣ ಕಾರಿನಿಂದ ಹಿಡಿದು ಏಳು ಆಸನದ ದೊಡ್ಡ ಗಾಡಿಯವರೆಗೆ ಒಂದು ವಾಹನ ಅದರಲ್ಲಿ ಹಿಡಿಸುತ್ತದೆ. ಬಾಗಿಲಿಗೆ ಮೊಹರು ಹಾಕುವುದರಿಂದ ಬಿಡಿಭಾಗಗಳ ಕಳ್ಳತನದ ಭಯ ಕಡಿಮೆ, ಉಪ್ಪುನೀರಿನ ಸಿಂಪಡಿಕೆಯಿಂದಲೂ ರಕ್ಷಣೆ ಇರುತ್ತದೆ. ಆದರೆ ಒಳಗೆ ಕಟ್ಟುವ ಕೆಲಸ ಸರಿಯಾಗಿರಬೇಕು. ನಾಲ್ಕೂ ಚಕ್ರಗಳಿಗೆ ಅಡ್ಡ ಮರದ ದಿಮ್ಮಿ ಕೊಟ್ಟು, ನಾಲ್ಕು ಕಡೆಯಿಂದ ಪಟ್ಟಿಗಳನ್ನು ಬಿಗಿದು, ಗೇರಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಹಾಕಿರಬೇಕು. ಈ ಹಂತದ ಚಿತ್ರಗಳನ್ನೂ ಮೊಹರಿನ ಸಂಖ್ಯೆಯ ಚಿತ್ರವನ್ನೂ ಏಜೆಂಟನಿಂದ ಕೇಳಿ ಪಡೆಯಿರಿ. ಹಾನಿಯಾದಾಗ ವಿಮಾ ಕಂಪನಿ ಮೊದಲು ಕೇಳುವುದು ಇವನ್ನೇ.

ರೋ-ರೋ ಅಥವಾ ತೆರೆದ ಡೆಕ್ಕಿನ ಸಾಗಣೆಯಾದರೆ, ಕಾರು ಹಡಗಿನ ಯಾವ ಭಾಗದಲ್ಲಿ ನಿಲ್ಲುತ್ತದೆ ಎಂಬುದನ್ನು ಲಿಖಿತವಾಗಿ ಕೇಳಿಕೊಳ್ಳಿ. ತೆರೆದ ಡೆಕ್ಕಿನ ಸರಕಿಗೆ ವಿಮೆಯ ಷರತ್ತುಗಳು ಬೇರೆಯಾಗಿರುತ್ತವೆ.

ಎನ್‌ಒಸಿ ಪಡೆಯುವ ಕ್ರಮ ಹೇಗೆ?

ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿರುವವರಿಗೆ ಇದು ಎಲ್ಲಕ್ಕಿಂತ ಮುಖ್ಯವಾದ ಕಾಗದ. ನಿಮ್ಮ ಕಾರು ನೋಂದಣಿಯಾಗಿರುವ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ, ಅಂದರೆ ಕೆಎ 34 ಆದರೆ ಬಳ್ಳಾರಿ, ಕೆಎ 35 ಆದರೆ ಹೊಸಪೇಟೆ, ಕೆಎ 36 ಆದರೆ ರಾಯಚೂರು, ಕೆಎ 37 ಆದರೆ ಕೊಪ್ಪಳದಲ್ಲಿ ನಮೂನೆ 28ರಲ್ಲಿ ಅರ್ಜಿ ಸಲ್ಲಿಸಬೇಕು. ಪರಿವಾಹನ್ ಜಾಲತಾಣದಲ್ಲಿ ಅರ್ಜಿ ತುಂಬಿ ಶುಲ್ಕ ಕಟ್ಟಿ, ಅದರ ಪ್ರತಿಗಳೊಂದಿಗೆ ಕಚೇರಿಗೆ ಹೋಗುವುದು ಈಗಿನ ರೂಢಿ. ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ, ತೆರಿಗೆ ರಸೀದಿ, ವಿಳಾಸದ ದಾಖಲೆ ಮತ್ತು ಚಾಸಿ ಸಂಖ್ಯೆಯ ಪೆನ್ಸಿಲ್ ಪ್ರಿಂಟ್ ಜೊತೆಗಿರಲಿ. ಕಾರಿನ ಮೇಲೆ ಅಪರಾಧ ಪ್ರಕರಣವಿಲ್ಲವೆಂಬ ಪರಿಶೀಲನೆಯೂ ನಡೆಯುತ್ತದೆ. ಬಾಕಿ ಇರುವ ಟ್ರಾಫಿಕ್ ದಂಡವನ್ನು ಮೊದಲೇ ತೀರಿಸಿಬಿಡಿ.

ಕಾಯ್ದೆಯ 48ನೇ ಕಲಮಿನ ಪ್ರಕಾರ ನೋಂದಣಾಧಿಕಾರಿಯು ಅರ್ಜಿ ಬಂದ 30 ದಿನಗಳೊಳಗೆ ಎನ್‌ಒಸಿ ಕೊಡಬೇಕು, ಇಲ್ಲವೇ ನಿರಾಕರಣೆಯನ್ನು ತಿಳಿಸಬೇಕು. ಎರಡನ್ನೂ ಮಾಡದಿದ್ದರೆ ಅದನ್ನು ಕೊಟ್ಟಂತೆಯೇ ಭಾವಿಸಬೇಕೆಂದು ಕಾನೂನು ಹೇಳುತ್ತದೆ. ಆದರೂ ಸಹಿ ಮತ್ತು ಮೊಹರಿನ ಎನ್‌ಒಸಿ ಕೈಯಲ್ಲಿಲ್ಲದೆ ಹೊರಡಬೇಡಿ, ಏಕೆಂದರೆ ದ್ವೀಪದ ಕಚೇರಿಯಲ್ಲಿ ಈ ಕಲಮನ್ನು ಓದಿ ಹೇಳುವುದಕ್ಕಿಂತ ಕಾಗದವನ್ನು ಮೇಜಿನ ಮೇಲಿಡುವುದು ಎಷ್ಟೋ ಸುಲಭ. ವರ್ಗಾವಣೆಯ ಆದೇಶ ಬಂದ ವಾರದಲ್ಲೇ ಅರ್ಜಿ ಹಾಕಿ.

ಕಾರಿನ ಸಾಲ ಇನ್ನೂ ತೀರಿಲ್ಲ. ಒಯ್ಯಬಹುದೆ?

ಒಯ್ಯಬಹುದು, ಆದರೆ ಸಾಲ ಕೊಟ್ಟ ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕು. ಆರ್‌ಸಿಯಲ್ಲಿ ಹೈಪೋಥಿಕೇಶನ್, ಅಂದರೆ ಕಾರಿನ ಮೇಲೆ ಬ್ಯಾಂಕಿನ ಸಾಲದ ಹಕ್ಕು, ನಮೂದಾಗಿರುವ ತನಕ ಬ್ಯಾಂಕಿನ ಪತ್ರವಿಲ್ಲದೆ ಸಾರಿಗೆ ಕಚೇರಿ ಎನ್‌ಒಸಿ ಕೊಡುವುದಿಲ್ಲ. ಕೆಲವೇ ಕಂತುಗಳು ಉಳಿದಿದ್ದರೆ ತೀರಿಸಿ, ಹೈಪೋಥಿಕೇಶನ್ ತೆಗೆಸಿಯೇ ಹೊರಡುವುದು ಉತ್ತಮ.

ನನ್ನ ಕಾರಿಗೆ ಪೂರ್ಣ ವಿಮೆ ಇದೆ. ಹಡಗಿನ ಪ್ರಯಾಣಕ್ಕೂ ಅದು ಸಾಲುವುದಿಲ್ಲವೆ?

ಸಾಲುವುದಿಲ್ಲ. ಹೆಚ್ಚಿನವರು ತಪ್ಪು ತಿಳಿದಿರುವುದು ಈ ವಿಷಯದಲ್ಲೇ ಆದ್ದರಿಂದ ವಿವರವಾಗಿ ಹೇಳುತ್ತೇವೆ.

ನಮ್ಮ ದೇಶದ ಖಾಸಗಿ ಕಾರಿನ ಪ್ಯಾಕೇಜ್ ಪಾಲಿಸಿಯ ಮೊದಲ ಭಾಗವನ್ನು ತೆರೆದು ಓದಿ. ವಾಹನವು ರಸ್ತೆ, ರೈಲು, ಒಳನಾಡು ಜಲಮಾರ್ಗ, ಲಿಫ್ಟ್, ಎಲಿವೇಟರ್ ಅಥವಾ ವಿಮಾನದ ಮೂಲಕ ಸಾಗುತ್ತಿರುವಾಗ ಆಗುವ ಹಾನಿಗೆ ರಕ್ಷಣೆ ಇದೆ ಎಂದು ಅಲ್ಲಿ ಬರೆದಿರುತ್ತದೆ. ಆ ಪಟ್ಟಿಯಲ್ಲಿ ಸಮುದ್ರವಿಲ್ಲ. ಚೆನ್ನೈನ ಬಂದರಿನವರೆಗೆ ನಿಮ್ಮನ್ನು ಕಾಯುವ ಪಾಲಿಸಿ, ದ್ವೀಪದ ರಸ್ತೆಗೆ ಇಳಿದ ಮೇಲೆ ಮತ್ತೆ ಕಾಯುತ್ತದೆ; ನಡುವಿನ 1190 ಕಿಲೋಮೀಟರ್ ನೀರಿನ ಮೇಲೆ ಕಾಯುವುದಿಲ್ಲ.

ಈ ತೆರವನ್ನು ತುಂಬಲು ಮೆರೈನ್ ಕಾರ್ಗೋ ವಿಮೆ ಮಾಡಿಸಬೇಕು. ಇದರಲ್ಲಿ ಎ, ಬಿ ಮತ್ತು ಸಿ ಎಂಬ ಮೂರು ಬಗೆಯ ಷರತ್ತುಗಳಿವೆ. ಸಿ ಷರತ್ತು ಬೆಂಕಿ, ಸ್ಫೋಟ, ಹಡಗು ಮುಳುಗುವುದು, ನೆಲಕ್ಕೆ ಸಿಕ್ಕಿಕೊಳ್ಳುವುದು, ಡಿಕ್ಕಿ ಇಂತಹ ದೊಡ್ಡ ಅವಘಡಗಳಿಗೆ ಸೀಮಿತ. ಬಿ ಷರತ್ತಿನಲ್ಲಿ ಇವುಗಳ ಜೊತೆಗೆ ಹಡಗಿಗೆ ಅಥವಾ ಕಂಟೇನರಿಗೆ ಸಮುದ್ರದ ನೀರು ನುಗ್ಗುವುದು, ಹತ್ತಿಸುವಾಗ ಇಳಿಸುವಾಗ ಕೆಳಗೆ ಬಿದ್ದು ಸರಕು ಪೂರ್ತಿ ನಾಶವಾಗುವುದು ಸೇರುತ್ತವೆ. ಎ ಷರತ್ತು, ಹೆಸರಿಸಿ ಹೊರಗಿಟ್ಟ ಕಾರಣಗಳನ್ನು ಬಿಟ್ಟು ಉಳಿದೆಲ್ಲ ಆಕಸ್ಮಿಕ ಹಾನಿಗೆ ಅನ್ವಯಿಸುತ್ತದೆ. ಬಳಸಿದ ಕಾರಿಗೆ ಎ ಷರತ್ತು ಕೊಡುವಾಗ ಗೀರು ಮತ್ತು ತಗ್ಗುಗಳನ್ನು ಹೊರಗಿಡುವ ಕಂಪನಿಗಳುಂಟು. ಆದ್ದರಿಂದ ಪ್ರೀಮಿಯಂ ಕಟ್ಟುವ ಮೊದಲು ಹೊರಗಿಟ್ಟ ಅಂಶಗಳ ಪುಟವನ್ನು ಕೇಳಿ ಓದಬೇಕು. ಏಜೆಂಟರು ವಿಮೆ ಸೇರಿಸಿ ದರ ಹೇಳಿದರೆ ಯಾವ ಷರತ್ತು, ಯಾರ ಹೆಸರಿನಲ್ಲಿ, ಎಷ್ಟು ಮೊತ್ತಕ್ಕೆ ಎಂದು ಕೇಳಿ, ಪಾಲಿಸಿಯ ಪ್ರತಿಯನ್ನು ಪಡೆಯದೆ ಕೀಲಿ ಕೊಡಬೇಡಿ. ವಿಮೆಯು ಬಂದರಿನಿಂದ ಬಂದರಿಗೆ ಮಾತ್ರವೇ, ಬಳ್ಳಾರಿಯ ಮನೆಯಿಂದ ಶ್ರೀ ವಿಜಯಪುರಂನ ಮನೆಯವರೆಗೋ ಎಂಬುದೂ ಪತ್ರದಲ್ಲಿ ಸ್ಪಷ್ಟವಾಗಿರಲಿ.

ಸಮುದ್ರಯಾನಕ್ಕೆ ಮಾತ್ರ ಸೇರಿದ ಇನ್ನೊಂದು ನಿಯಮವಿದೆ. ಹಡಗನ್ನು ಮತ್ತು ಉಳಿದ ಸರಕನ್ನು ಅಪಾಯದಿಂದ ಪಾರುಮಾಡಲು ಸ್ವಲ್ಪ ಸರಕನ್ನು ಬೇಕೆಂದೇ ಸಮುದ್ರಕ್ಕೆ ಎಸೆದರೆ ಅಥವಾ ವಿಶೇಷ ಖರ್ಚು ಮಾಡಿದರೆ, ಆ ನಷ್ಟವನ್ನು ಹಡಗಿನ ಒಡೆಯರೂ ಸರಕಿನ ಒಡೆಯರೆಲ್ಲರೂ ತಮ್ಮ ತಮ್ಮ ಮೌಲ್ಯಕ್ಕೆ ತಕ್ಕಂತೆ ಹಂಚಿಕೊಳ್ಳಬೇಕು. ಇದಕ್ಕೆ ಜನರಲ್ ಆವರೇಜ್ ಎನ್ನುತ್ತಾರೆ. ನಿಮ್ಮ ಕಾರಿಗೆ ಒಂದು ಗೀರೂ ಬೀಳದಿದ್ದರೂ ನಿಮ್ಮ ಪಾಲಿನ ಹಣ ಅಥವಾ ಖಾತರಿ ಪತ್ರ ಕೊಡುವ ತನಕ ಕಾರನ್ನು ಬಿಡದಿರುವ ಹಕ್ಕು ಹಡಗಿನವರಿಗಿದೆ. ಮೆರೈನ್ ವಿಮೆಯ ಮೂರೂ ಷರತ್ತುಗಳು ಈ ಪಾಲನ್ನು ಭರಿಸುತ್ತವೆ. ಹಣ ಉಳಿಸಬೇಕೆನ್ನುವವರು ಕನಿಷ್ಠ ಸಿ ಷರತ್ತಿನ ವಿಮೆಯನ್ನಾದರೂ ಮಾಡಿಸಬೇಕು ಎಂದು ಒತ್ತಿ ಹೇಳಲು ಇದೇ ಕಾರಣ.

ಬಿಎಚ್ (ಭಾರತ್) ಸರಣಿಯ ನೋಂದಣಿ ಸಂಖ್ಯೆ ಇದ್ದರೆ ಇಷ್ಟೆಲ್ಲ ತೊಂದರೆ ಇರುತ್ತದೆಯೆ?

ನೋಂದಣಿಯ ಭಾಗದಲ್ಲಿ ತೊಂದರೆ ಬಹುಮಟ್ಟಿಗೆ ಇಲ್ಲವಾಗುತ್ತದೆ. 2021ರಲ್ಲಿ ಜಾರಿಗೆ ಬಂದ ಈ ಸರಣಿ ರಕ್ಷಣಾ ಸಿಬ್ಬಂದಿ, ಕೇಂದ್ರ ಮತ್ತು ರಾಜ್ಯ ಸರ್ಕಾರಿ ನೌಕರರು, ಸಾರ್ವಜನಿಕ ಉದ್ದಿಮೆಯವರು ಹಾಗೂ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಗಳ ನೌಕರರಿಗೆ ಲಭ್ಯ. ಊರು ಬದಲಾದಾಗ ಹೊಸ ಸಂಖ್ಯೆ ಬೇಡ, ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಿದರೆ ಸಾಕು. 2022ರ ಡಿಸೆಂಬರಿನ ತಿದ್ದುಪಡಿಯ ನಂತರ ಹಳೆಯ ಸಾಮಾನ್ಯ ನೋಂದಣಿಯನ್ನು ಬಿಎಚ್‌ಗೆ ಬದಲಿಸಿಕೊಳ್ಳಲೂ ಅವಕಾಶವಿದೆ. ಮತ್ತೆ ಮತ್ತೆ ವರ್ಗವಾಗುವ ಹುದ್ದೆಯಲ್ಲಿರುವವರು ಈ ದಾರಿಯನ್ನು ಮೊದಲು ಪರಿಶೀಲಿಸಬೇಕು.

ಸಾಗಣೆಯ ಖರ್ಚನ್ನು ಸರ್ಕಾರ ಕೊಡುತ್ತದೆಯೆ?

ಕೇಂದ್ರ ನೌಕರರಿಗೆ ಏಳನೇ ವೇತನ ಆಯೋಗದ ನಂತರದ ನಿಯಮಗಳ ಪ್ರಕಾರ, ವೇತನ ಶ್ರೇಣಿಯ 6ನೇ ಹಂತ ಮತ್ತು ಅದಕ್ಕಿಂತ ಮೇಲಿನವರು ಒಂದು ಕಾರು ಅಥವಾ ಒಂದು ದ್ವಿಚಕ್ರ ವಾಹನದ ಸಾಗಣೆ ವೆಚ್ಚ ಪಡೆಯಬಹುದು. 5ನೇ ಹಂತ ಮತ್ತು ಕೆಳಗಿನವರಿಗೆ ದ್ವಿಚಕ್ರ ವಾಹನಕ್ಕೆ ಮಾತ್ರ ಅವಕಾಶ. ಸಾಮಾನ್ಯ ವರ್ಗಾವಣೆಯಲ್ಲಿ ಮೂಲ ವೇತನದ ಶೇಕಡ 80ರಷ್ಟಿರುವ ವರ್ಗಾವಣೆ ಅನುದಾನ ಅಂಡಮಾನ್, ನಿಕೋಬಾರ್ ಮತ್ತು ಲಕ್ಷದ್ವೀಪಗಳಿಗೆ ಶೇಕಡ 100ರಷ್ಟಿರುತ್ತದೆ. ಬಿಲ್ಲುಗಳ ಮೂಲ ಪ್ರತಿಯನ್ನು ಜೋಪಾನವಾಗಿಡಿ. ಬ್ಯಾಂಕುಗಳ ನಿಯಮ ಬೇರೆಯಾದ್ದರಿಂದ ನಿಮ್ಮ ಆಡಳಿತ ಕಚೇರಿಯ ಒಪ್ಪಿಗೆಯನ್ನು ಬುಕ್ಕಿಂಗಿಗೆ ಮೊದಲೇ ಪಡೆಯಿರಿ.

ಹೊರಡುವ ಮೊದಲು ಕಾರನ್ನು ಹೇಗೆ ಸಿದ್ಧಗೊಳಿಸಬೇಕು?

ನಮ್ಮ ಕಡೆಯ ಕಾರುಗಳಿಗೆ ಇದು ಉಳಿದೆಡೆಗಿಂತ ಹೆಚ್ಚು ಅಗತ್ಯ. ಸಂಡೂರು, ತೋರಣಗಲ್ಲು, ಹೊಸಪೇಟೆ ರಸ್ತೆಗಳಲ್ಲಿ ಓಡಿದ ಕಾರಿನ ತಳದ ಸಂದುಗಳಲ್ಲಿ ಅದಿರಿನ ಕೆಂಧೂಳು ಪದರಗಟ್ಟಿರುತ್ತದೆ. ಸಿಂಧನೂರು, ಮಾನ್ವಿ, ಗಂಗಾವತಿ ಕಡೆಯ ಕಾರುಗಳಲ್ಲಿ ಮಡ್ಗಾರ್ಡಿನ ಒಳಗೆ ಎರೆಮಣ್ಣು ಒಣಗಿ ಗಟ್ಟಿಯಾಗಿ ಕೂತಿರುತ್ತದೆ. ಒಣ ಹವೆಯಲ್ಲಿ ಇದರಿಂದ ಅಂತಹ ಕೇಡಿಲ್ಲ. ಉಪ್ಪುಗಾಳಿಗೆ ಹೋದಾಗ ಇದೇ ಮಣ್ಣು ತೇವವನ್ನೂ ಉಪ್ಪನ್ನೂ ಹೀರಿ ಹಿಡಿದಿಟ್ಟುಕೊಂಡು ತಗಡನ್ನು ಒಳಗಿನಿಂದ ತಿನ್ನತೊಡಗುತ್ತದೆ. ಶ್ರೀ ವಿಜಯಪುರಂನಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆಯಾಗುತ್ತದೆ, ನಮ್ಮ ಜಿಲ್ಲೆಗಳಲ್ಲಿ ಆಗುವುದಕ್ಕಿಂತ ಹಲವು ಪಟ್ಟು ಹೆಚ್ಚು.

ಆದ್ದರಿಂದ ಕಾರನ್ನು ಮೇಲೆತ್ತಿಸಿ, ಒತ್ತಡದ ನೀರಿನಿಂದ ತಳವನ್ನು ತೊಳೆಸಿ, ಎರಡು ದಿನ ಬಳ್ಳಾರಿಯ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಅನಂತರ ತುಕ್ಕು ತಡೆಯುವ ಲೇಪನ ಮಾಡಿಸಿ. ಈ ಕ್ರಮ ತಪ್ಪಬಾರದು. ಧೂಳಿನ ಮೇಲೆಯೇ ಲೇಪನ ಬಳಿದರೆ ತೇವ ಒಳಗೇ ಸಿಕ್ಕಿಹಾಕಿಕೊಂಡು ಲೇಪನವಿಲ್ಲದ ಕಾರಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಟೈರು, ಬ್ರೇಕ್ ಪ್ಯಾಡ್, ಬ್ಯಾಟರಿ ಬದಲಿಸುವ ಕಾಲ ಹತ್ತಿರವಾಗಿದ್ದರೆ ಇಲ್ಲೇ ಬದಲಿಸಿ, ಏಕೆಂದರೆ ದ್ವೀಪಕ್ಕೆ ಬಿಡಿಭಾಗಗಳೂ ಮುಖ್ಯಭೂಮಿಯಿಂದಲೇ ಬರಬೇಕು. ಟ್ಯಾಂಕಿನಲ್ಲಿ ಇಂಧನ ಕಾಲು ಭಾಗಕ್ಕಿಂತ ಕಡಿಮೆ ಇರಲಿ. ಕಂಟೇನರಾದರೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು.

ಕಾರಿನೊಳಗೆ ಮನೆಯ ಸಾಮಾನು ತುಂಬಿ ಕಳಿಸಬಹುದೆ?

ಬೇಡ. ಹಾಗೆ ಇಟ್ಟ ಸಾಮಾನಿಗೆ ಕಾರಿನ ವಿಮೆ ಅನ್ವಯಿಸುವುದಿಲ್ಲ, ಕಳೆದುಹೋದರೆ ಕೇಳುವವರೂ ಇರುವುದಿಲ್ಲ. ಸ್ಟೆಪ್ನಿ, ಜಾಕ್ ಮತ್ತು ಪಾನಾ ಬಿಟ್ಟು ಬೇರೇನೂ ಒಳಗಿರಬಾರದು.

ವಿದ್ಯುತ್ ಕಾರು ಅಥವಾ ಸಿಎನ್‌ಜಿ ಕಾರು ಆದರೆ?

ಬುಕ್ಕಿಂಗಿನ ಮೊದಲ ಮಾತಿನಲ್ಲೇ ಅದನ್ನು ತಿಳಿಸಬೇಕು, ಮುಚ್ಚಿಡಬಾರದು. 2022ರಲ್ಲಿ ಸುಮಾರು 4000 ಕಾರುಗಳನ್ನು ಹೊತ್ತಿದ್ದ ಫೆಲಿಸಿಟಿ ಏಸ್ ಎಂಬ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಬೆಂಕಿ ಬಿದ್ದು ಮುಳುಗಿತು. ಬೆಂಕಿಗೆ ಬ್ಯಾಟರಿಯೇ ಕಾರಣವೆಂದು ಸಾಬೀತಾಗದಿದ್ದರೂ ಅಂದಿನಿಂದ ಹಡಗು ಕಂಪನಿಗಳು ಲಿಥಿಯಂ ಬ್ಯಾಟರಿಯ ವಾಹನಗಳ ವಿಷಯದಲ್ಲಿ ಬಿಗಿಯಾಗಿವೆ. ಚಾರ್ಜ್ ಎಷ್ಟು ಇರಬೇಕೆಂಬ ಮಿತಿಯನ್ನು ಕಂಪನಿಯೇ ಹೇಳುತ್ತದೆ. ಸಿಎನ್‌ಜಿ ಸಿಲಿಂಡರನ್ನು ಖಾಲಿ ಮಾಡಿ, ವಾಲ್ವ್ ಮುಚ್ಚಿ ಕೊಡಬೇಕು.

ಯಾವ ತಿಂಗಳಲ್ಲಿ ಕಳಿಸುವುದು ಒಳ್ಳೆಯದು?

ಜನವರಿಯಿಂದ ಏಪ್ರಿಲ್‌ವರೆಗೆ ಬಂಗಾಳ ಕೊಲ್ಲಿ ಶಾಂತವಾಗಿರುತ್ತದೆ. ಮೇ ತಿಂಗಳಲ್ಲಿಯೂ ಅಕ್ಟೋಬರಿನಿಂದ ಡಿಸೆಂಬರ್‌ವರೆಗೂ ಚಂಡಮಾರುತದ ಕಾಲ. ಜೂನ್‌ನಿಂದ ಸೆಪ್ಟೆಂಬರ್ ಮುಂಗಾರಿನ ಅಬ್ಬರ. ವರ್ಗಾವಣೆಗಳು ಹೆಚ್ಚಾಗಿ ಮೇ, ಜೂನ್‌ನಲ್ಲೇ ಬರುವುದರಿಂದ ಎಲ್ಲರಿಗೂ ಈ ಆಯ್ಕೆ ಇರುವುದಿಲ್ಲ. ಅಂಥವರು ಕುಟುಂಬದೊಂದಿಗೆ ಮೊದಲು ಹೋಗಿ ನೆಲೆಸಿ, ಕಾರನ್ನು ಜನವರಿಯಲ್ಲಿ ತರಿಸಿಕೊಳ್ಳಬಹುದು.

ಅಲ್ಲಿನ ಬಂದರಿನಲ್ಲಿ ಕಾರನ್ನು ಬಿಡಿಸಿಕೊಳ್ಳುವುದು ಹೇಗೆ?

ದೇಶದೊಳಗಿನ ಸಾಗಣೆಯಾದ್ದರಿಂದ ಆಮದು ಸುಂಕವಿಲ್ಲ. ಬಿಲ್ ಆಫ್ ಲೇಡಿಂಗ್ (ಸರಕನ್ನು ಪಡೆದುಕೊಂಡದ್ದಕ್ಕೆ ಹಡಗಿನವರು ಕೊಟ್ಟ ಪತ್ರ), ಗುರುತಿನ ಚೀಟಿ ಮತ್ತು ಬಾಕಿ ಹಣದ ರಸೀದಿ ತೋರಿಸಿ ಡಿಲಿವರಿ ಆರ್ಡರ್, ಅಂದರೆ ಕಾರನ್ನು ಬಿಟ್ಟುಕೊಡುವ ಆದೇಶ, ಪಡೆಯಬೇಕು. ಬಿಡಿಸಿಕೊಳ್ಳುವುದು ತಡವಾದಷ್ಟೂ ಬಂದರಿನ ಬಾಡಿಗೆ ಏರುತ್ತದೆ.

ರಸೀದಿಗೆ ಸಹಿ ಹಾಕುವ ಮೊದಲು ಹಗಲಿನ ಬೆಳಕಿನಲ್ಲಿ ಕಾರನ್ನು ಸುತ್ತಲೂ ನೋಡಿ, ಕಂಡ ಹಾನಿಯನ್ನು ಅದೇ ರಸೀದಿಯ ಮೇಲೆ ಬರೆಯಿರಿ. ಮೇಲುನೋಟಕ್ಕೆ ಕಾಣದ ಹಾನಿ ಆಮೇಲೆ ತಿಳಿದರೆ ಮೂರು ದಿನಗಳೊಳಗೆ ಹಡಗಿನವರಿಗೆ ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ ಸರಕು ಸುಸ್ಥಿತಿಯಲ್ಲಿ ತಲುಪಿದೆ ಎಂಬ ಊಹೆ ಅವರ ಪರವಾಗಿ ನಿಲ್ಲುತ್ತದೆ. ಬ್ರೇಕ್ ಡಿಸ್ಕಿನ ಮೇಲಿನ ತೆಳುವಾದ ತುಕ್ಕು ನಾಲ್ಕಾರು ಬಾರಿ ಬ್ರೇಕ್ ಹಾಕಿದಾಗ ಹೋಗುತ್ತದೆ, ಗಾಬರಿ ಬೇಡ. ಮನೆಗೆ ತಂದ ದಿನವೇ ಸಿಹಿನೀರಿನಿಂದ ತಳಭಾಗವನ್ನು ತೊಳೆಯಿರಿ.

ಹೊಸ ನಂಬರ್ ಮತ್ತು ಇಲ್ಲಿ ಕಟ್ಟಿದ ಜೀವಾವಧಿ ತೆರಿಗೆಯ ವಿಷಯವೇನು?

ಎನ್‌ಒಸಿ, ಮೂಲ ಆರ್‌ಸಿ ಮತ್ತು ನಮೂನೆ 27ರ ಅರ್ಜಿಯೊಂದಿಗೆ ಅಲ್ಲಿನ ಸಾರಿಗೆ ಕಚೇರಿಗೆ ಹೋಗಿ, ವಾಹನವನ್ನು ತೋರಿಸಿ, ಅಲ್ಲಿನ ತೆರಿಗೆ ಕಟ್ಟಿದರೆ ಎಎನ್ ಎಂದು ಆರಂಭವಾಗುವ ಸಂಖ್ಯೆ ಸಿಗುತ್ತದೆ. ಒಡನೆಯೇ ವಿಮಾ ಕಂಪನಿಗೆ ಹೊಸ ಸಂಖ್ಯೆ ತಿಳಿಸಿ ಪಾಲಿಸಿಯಲ್ಲಿ ತಿದ್ದಿಸಬೇಕು.

ಕರ್ನಾಟಕದಲ್ಲಿ ಕಟ್ಟಿದ ಜೀವಾವಧಿ ತೆರಿಗೆಯಲ್ಲಿ ಕಾರಿನ ವಯಸ್ಸಿಗೆ ತಕ್ಕಂತೆ ಉಳಿದ ಭಾಗವನ್ನು ಮರಳಿ ಪಡೆಯಲು ಅವಕಾಶವಿದೆ. ಬೇರೆ ಕಡೆ ಮರುನೋಂದಣಿಯಾದ ದಾಖಲೆ ತೋರಿಸಿ ಮೂಲ ಕಚೇರಿಯಲ್ಲಿ ಅರ್ಜಿ ಹಾಕಬೇಕಾದ್ದರಿಂದ, ಊರಲ್ಲಿರುವ ಅಣ್ಣ, ತಮ್ಮ ಅಥವಾ ಮಾವನವರ ಹೆಸರಿಗೆ ಅಧಿಕಾರ ಪತ್ರವನ್ನೂ ತೆರಿಗೆ ರಸೀದಿಯ ಪ್ರತಿಯನ್ನೂ ಹೊರಡುವ ಮೊದಲೇ ಕೊಟ್ಟು ಹೋಗಿ. ವರ್ಷಗಳು ಕಳೆದಂತೆ ಮರಳುವ ಮೊತ್ತ ಇಳಿಯುತ್ತದೆ, ಆದ್ದರಿಂದ ಹೊಸ ನಂಬರ್ ಬಂದ ಕೂಡಲೇ ಅರ್ಜಿ ಹಾಕಿಸುವುದು ಒಳ್ಳೆಯದು.

ದ್ವೀಪದಲ್ಲಿ ಕಾರು ಎಲ್ಲೆಲ್ಲಿಗೆ ಹೋಗಬಹುದು?

ದಕ್ಷಿಣ ಅಂಡಮಾನಿನ ರಸ್ತೆಗಳಲ್ಲಿ ತೊಡಕಿಲ್ಲ. ಉತ್ತರದ ದಿಗ್ಲಿಪುರದವರೆಗೆ ಹೋಗುವ ಅಂಡಮಾನ್ ಟ್ರಂಕ್ ರಸ್ತೆ ಮಾತ್ರ ಜಿರ್ಕಟಾಂಗ್‌ನಿಂದ ಮುಂದೆ ಜಾರವಾ ಎಂಬ ಆದಿವಾಸಿ ಜನರ ಮೀಸಲು ಪ್ರದೇಶದ ಮೂಲಕ ಹಾದುಹೋಗುತ್ತದೆ. ಅಲ್ಲಿ ನಿಗದಿತ ಹೊತ್ತಿಗೆ ಪೊಲೀಸ್ ಬೆಂಗಾವಲಿನಲ್ಲಿ ಸಾಲಾಗಿಯೇ ಹೋಗಬೇಕು. ನಿಲ್ಲಿಸುವುದು, ಚಿತ್ರ ತೆಗೆಯುವುದು, ಆಹಾರ ಕೊಡುವುದು ಕಾನೂನಿನ ಪ್ರಕಾರ ನಿಷಿದ್ಧ. ಇದು ಆ ಜನರ ಉಳಿವಿನ ಪ್ರಶ್ನೆ, ಮನೆಯ ಮಕ್ಕಳಿಗೂ ಮೊದಲೇ ತಿಳಿಹೇಳಿ. ಸ್ವರಾಜ್ ದ್ವೀಪ, ಶಹೀದ್ ದ್ವೀಪಗಳಲ್ಲಿ ನೇಮಕವಾದವರು ಇನ್ನೊಂದು ಹಡಗಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಲಕ್ಷದ್ವೀಪ ಅಥವಾ ವಿದೇಶದ ದ್ವೀಪಗಳಿಗೆ ಇದೇ ಉತ್ತರಗಳು ಹೊಂದುತ್ತವೆಯೆ?

ಲಕ್ಷದ್ವೀಪಕ್ಕೆ ಕಾರು ಒಯ್ಯುವ ಯೋಚನೆಯನ್ನು ಬಿಡುವುದು ಒಳ್ಳೆಯದು. ಇಡೀ ದ್ವೀಪಸಮೂಹದ ವಿಸ್ತೀರ್ಣ 32 ಚದರ ಕಿಲೋಮೀಟರ್. ಸೈಕಲ್ಲು ಅಥವಾ ಸ್ಕೂಟರ್ ಸಾಕು.

ಶ್ರೀಲಂಕಾ ಮತ್ತು ಮಾಲ್ಡೀವ್ಸ್‌ಗೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ನಮ್ಮ ಕಾರು ವಿಮೆಯ ವ್ಯಾಪ್ತಿಯನ್ನು ವಿಸ್ತರಿಸಿಕೊಳ್ಳಬಹುದು, ಆದರೆ ಆ ವಿಸ್ತರಣೆಯೂ ಸಮುದ್ರಯಾನದ ಹಾನಿಯನ್ನು ಸ್ಪಷ್ಟವಾಗಿ ಹೊರಗಿಡುತ್ತದೆ. ಸಿಂಗಪುರದಲ್ಲಿ ಮೂರು ವರ್ಷ ದಾಟಿದ ಬಳಸಿದ ಕಾರನ್ನು ಆಮದು ಮಾಡಲಾಗದು. ಬಹ್ರೇನ್‌ನಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುವುದರಿಂದ ಬಲಗಡೆ ಸ್ಟೀರಿಂಗ್ ಇರುವ ನಮ್ಮ ಕಾರು ಅಲ್ಲಿ ಉಪಯೋಗಕ್ಕೆ ಬಾರದು. ವಿದೇಶಕ್ಕೆ ಹೊರಟವರು ಆ ದೇಶದ ಆಮದು ಸುಂಕ, ಕಾರಿನ ವಯಸ್ಸಿನ ಮಿತಿ ಮತ್ತು ಸ್ಟೀರಿಂಗಿನ ನಿಯಮ ಈ ಮೂರನ್ನು ಅಲ್ಲಿನ ಸಾರಿಗೆ ಮತ್ತು ಕಸ್ಟಮ್ಸ್ ಇಲಾಖೆಗಳಿಂದ ಲಿಖಿತವಾಗಿ ತಿಳಿದುಕೊಂಡ ಮೇಲೆಯೇ ಇಲ್ಲಿನ ನೋಂದಣಿಯನ್ನು ರದ್ದುಪಡಿಸಲು ಅರ್ಜಿ ಹಾಕಬೇಕು.